ಅಪ್ಪ ಕೇಳಿದ ಪ್ರಶ್ನೆಗೆ ಇಂಗ್ಲೆಂಡ್‌ನ ಲೀಡ್ಸ್‌ನಿಂದ ಉತ್ತರ

ಅಪ್ಪ, ಅಮ್ಮ, ಪುಟ್ಟ,

ನಾನು ಚೆನ್ನಾಗಿದ್ದೀನಿ, ನೀವೂ ಚೆನ್ನಾಗಿದ್ದೀರ ಅಂದ್ಕೊಂಡಿದ್ದೀನಿ. ಮೊನ್ನೆ ಫೋನಲ್ಲಿ ಅಪ್ಪ "ಸಿನಿಮಾ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತೇನಮ್ಮಾ" ಅಂದ್ರಲ್ಲ, ಆಗ ನಕ್ಕು ಸುಮ್ನಾದೆ, ಆದ್ರೆ ಅದಕ್ಕೆ ಸರಿಯಾಗಿ ಉತ್ತರ ಕೊಡ್ಬೇಕು ಅಂತ ತಲೇಲಿ ಕೊರೀತಾನೇ ಇತ್ತು, ಫೋನಲ್ಲಿ ಹೇಳೋಕೆ ಹೋದ್ರೆ ಅಮ್ಮ ನಡುವೆ ಬಂದು ಊಟ ಆಯ್ತಾ ಅಂತ ಕೇಳಿ ಮಾತು ಬೇರೆ ಕಡೆ ಹೋಗುತ್ತೆ, ಅದಕ್ಕೇ ಬರೀತಿದ್ದೀನಿ.

ನನ್ನ ಸಿನಿಮಾ ಕೋರ್ಸ್‌ನ ಈ ಸೆಮಿಸ್ಟರ್‌ನಲ್ಲಿ ನಮಗಿರೋ ಕೆಲಸ ಏನಂದ್ರೆ ವಾರಕ್ಕೊಂದು ಶಾರ್ಟ್ ಫಿಲ್ಮು, ಒಂದು ಬ್ಲಾಕ್‌ಬಸ್ಟರು ನೋಡಿ ಎರಡಕ್ಕೂ ರಿವ್ಯೂ ಬರೀಬೇಕು, ಎರಡೂ ಒಂದೇ ಉದ್ದ. ಹತ್ತು ನಿಮಿಷದ ಸಿನಿಮಾಗೂ 600 ಪದ, ಮೂರು ಗಂಟೆ ಸಿನಿಮಾಗೂ 600 ಪದ. ಕೇಳೋಕೆ ಸುಲಭ. ಬರೆಯೋಕೆ ಕೂತಾಗ ಗೊತ್ತಾಗುತ್ತೆ, ದೊಡ್ಡ ಸಿನಿಮಾದ್ದು ಎಷ್ಟೋ ಬಿಡ್ಬೇಕು, ಚಿಕ್ಕದರಲ್ಲಿ ಕಥೆ ಹೇಳೋಕೆ ಶುರು ಮಾಡಿದ್ರೆ ಎರಡನೇ ಪ್ಯಾರಾಗೇ ಸಿನಿಮಾ ಮುಗಿದುಹೋಗಿರುತ್ತೆ. ಹಾಗಾಗಿ ಶಾರ್ಟ್ ಫಿಲ್ಮ್ ರಿವ್ಯೂನಲ್ಲಿ ಕಥೆ ಹೇಳಿ ಪಾರಾಗೋಕೆ ಆಗಲ್ಲ, ಕ್ಯಾಮೆರಾ ಎಲ್ಲಿಟ್ಟಿದ್ದಾರೆ, ಸೌಂಡ್ ಏನು ಮಾಡ್ತಿದೆ, ಯಾಕೆ ಇಲ್ಲೇ ನಿಲ್ಲಿಸಿದ್ರು ಅಂತ ನಿಜವಾಗ್ಲೂ ನೋಡ್ಲೇಬೇಕು. ಅಂದಹಾಗೆ ಆಸ್ಕರ್‌ನವರ ನಿಯಮದ ಪ್ರಕಾರ ಟೈಟಲ್ಸ್ ಎಲ್ಲಾ ಸೇರಿ 40 ನಿಮಿಷದ ಒಳಗಿದ್ರೆ ಅದು ಶಾರ್ಟ್ ಫಿಲ್ಮು, ಪುಟ್ಟ ಹತ್ತು ನಿಮಿಷ ಅಂತ ಬೆಟ್ ಕಟ್ಟಿದ್ನಲ್ಲ, ಅವನು ಸೋತ.

ಆದ್ರೆ ನಂಗೆ ಇಲ್ಲಿ ಜಾಸ್ತಿ ಸಿಟ್ಟು ಬರೋ ವಿಷಯ ಬೇರೆ ಇದೆ. ಸ್ಟೂಡೆಂಟ್ಸ್ ಮಾಡಿದ ಶಾರ್ಟ್ ಫಿಲ್ಮ್ ತೋರಿಸಿದಾಗ ಕ್ಲಾಸಲ್ಲಿ ಎಲ್ಲರೂ ಪಾಪ ಪಾಪ ಅಂತಾರೆ. ದುಡ್ಡಿಲ್ಲದೆ ಮಾಡಿದ್ದಾರೆ, ಪ್ರಯತ್ನ ಮೆಚ್ಚಬೇಕು, ಮುಂದೆ ಒಳ್ಳೆ ಭವಿಷ್ಯ ಇದೆ, ಹೀಗೇ ರಿವ್ಯೂ ಮುಗಿಸ್ತಾರೆ. ಇದು ರಿವ್ಯೂ ಅಲ್ಲಪ್ಪಾ, ಬೆನ್ನು ತಟ್ಟಿ ಕಳಿಸೋದು. ಅಲಾರ್ಮ್ ಹೊಡೆಯುತ್ತೆ, ಹುಡುಗ ಏಳ್ತಾನೆ, ಹಲ್ಲುಜ್ಜುತ್ತಾನೆ, ಕನ್ನಡಿ ನೋಡ್ಕೋತಾನೆ, ಹಿಂದೆ ಪಿಯಾನೋ, ಕೊನೆಗೆ ಎಲ್ಲಾ ಕನಸು ಅಂತ ಟ್ವಿಸ್ಟು, ಇದನ್ನ ಯಾವ ದೇಶದ ಸ್ಟೂಡೆಂಟ್ ಮಾಡಿದ್ರೂ ಬೋರೇ. ಹೇಳ್ಬೇಕು. ಅದೇ ಜನ ದೊಡ್ಡ ಸಿನಿಮಾ ಬಂದ ತಕ್ಷಣ ಕೋಟಿ ಸುರಿದಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಕತ್ತಿ ಹಿಡ್ಕೊಂಡು ಕೂತಿರ್ತಾರೆ. ಎರಡೂ ಕಡೆ ಅವರು ನೋಡಿದ್ದು ಬಜೆಟ್ಟು, ಸಿನಿಮಾ ಅಲ್ಲ. ಹಾಗಾಗಿ ನಾನಂತೂ ಬರೆದು ಮುಗಿಸೋ ತನಕ ಖರ್ಚೆಷ್ಟು ಕಲೆಕ್ಷನ್ ಎಷ್ಟು ಅಂತ ಹುಡುಕೋದೇ ಇಲ್ಲ.

ಪಾಪ ಅನ್ನೋ ಮಾತೇ ಬೇಕಾಗದಂಥ ಶಾರ್ಟ್ ಫಿಲ್ಮು ಬೇಕಂದ್ರೆ ನಮ್ಮ ಕನ್ನಡದಲ್ಲೇ ಇದೆ. 2024ರಲ್ಲಿ ಫ್ರಾನ್ಸ್‌ನ ಕಾನ್ ಫಿಲ್ಮ್ ಫೆಸ್ಟಿವಲ್‌ನ ಲಾ ಸಿನೆಫ್ ಅನ್ನೋ ವಿಭಾಗದಲ್ಲಿ ಮೊದಲ ಬಹುಮಾನ ತಗೊಂಡ್ರಲ್ಲ ಚಿದಾನಂದ ಎಸ್. ನಾಯ್ಕ್, ಅಪ್ಪ ಪೇಪರ್‌ನಲ್ಲಿ ಓದಿರ್ತೀರ, ಮೊದಲು ಡಾಕ್ಟರ್ ಆಗಿದ್ದವರು, ಆಮೇಲೆ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಸೇರಿದ್ರು. ಲಾ ಸಿನೆಫ್ ಇರೋದೇ ಫಿಲ್ಮ್ ಸ್ಕೂಲ್ ಸ್ಟೂಡೆಂಟ್ಸ್ ಸಿನಿಮಾಗಳಿಗೆ. ಇವರದ್ದು ಹದಿನಾರು ನಿಮಿಷದ ಸಿನಿಮಾ, ಹೆಸರು ಮಾತ್ರ ಇಂಗ್ಲಿಷಲ್ಲಿ ಉದ್ದಕ್ಕಿದೆ, 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಅಂತ, ಕಥೆ ನಮ್ಮ ಜನಪದದ್ದು, ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡ್ತಾಳೆ, ಊರಿಗೆ ಬೆಳಗೇ ಆಗಲ್ಲ. ಶೂಟ್ ಮಾಡೋಕೆ ಸಿಕ್ಕಿದ್ದು ನಾಲ್ಕೇ ದಿನ ಅಂತೆ. ಬೆಳಗಾಗದ ಊರು ಅಂದ್ಮೇಲೆ ಕತ್ತಲೆಯಲ್ಲೇ ಇಡೀ ಕಥೆ ಹೇಳ್ಬೇಕು, ಲೈಟಿಂಗ್ ಮಾಡೋರಿಗೆ ಅದು ಎಂಥ ಕಷ್ಟ ಅಂತ ಈಗ ಇಲ್ಲಿ ಲೈಟ್ ಹೊತ್ತು ಓಡಾಡಿ ಗೊತ್ತಾಗಿದೆ. ಅದನ್ನ ಸ್ಟೂಡೆಂಟ್ ಸಿನಿಮಾ ಅಂತ ರಿಯಾಯ್ತಿ ಕೊಟ್ಟು ನೋಡಿದ್ರೆ ಅವರಿಗೇ ಅವಮಾನ.

ಇನ್ನು ಬ್ಲಾಕ್‌ಬಸ್ಟರ್ ಕಡೆಗೆ ಬರ್ತೀನಿ, ಅಪ್ಪ ಇದನ್ನ ಗಮನ ಇಟ್ಟು ಓದಿ, ಯಾಕಂದ್ರೆ "ನೂರು ಕೋಟಿ ಮಾಡಿದ್ಮೇಲೆ ರಿವ್ಯೂ ಬರೆಯೋನ ಮಾತು ಯಾರಿಗೆ ಬೇಕು" ಅಂತ ನೀವು ಯಾವಾಗ್ಲೂ ಅಂತೀರ. 1975ರ ಜೂನ್‌ನಲ್ಲಿ ಸ್ಪೀಲ್‌ಬರ್ಗ್‌ನ 'ಜಾಸ್' ಬಂತು, ಅಮೆರಿಕ ಕೆನಡಾದಲ್ಲಿ ಒಂದೇ ದಿನ ನಾನೂರಕ್ಕೂ ಜಾಸ್ತಿ ಥಿಯೇಟರು, ಟಿವಿ ತುಂಬಾ ಜಾಹೀರಾತು, ಈಗಿನ ಥರ ಎಲ್ಲಾ ಕಡೆ ಒಟ್ಟಿಗೇ ರಿಲೀಸ್ ಮಾಡೋ ರೂಢಿ ಗಟ್ಟಿಯಾಗಿದ್ದು ಅಲ್ಲಿಂದ ಅಂತ ಪಾಠದಲ್ಲಿ ಹೇಳಿದ್ರು. ನಂಗೆ ಇಷ್ಟ ಆಗಿದ್ದು ಅದಲ್ಲ. ಆ ಸಿನಿಮಾಗೆ ಮಾಡಿಸಿದ್ದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಲ್ಲಿ ಪದೇ ಪದೇ ಕೆಟ್ಟು ನಿಲ್ತಿತ್ತು, ಬೇರೆ ದಾರಿ ಇಲ್ಲದೆ ಶಾರ್ಕ್ ತೋರಿಸದೇನೇ ಹೆದರಿಸ್ಬೇಕಾಯ್ತು, ನೀರಿನ ಮಟ್ಟದಲ್ಲಿ ಕ್ಯಾಮೆರಾ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರದ ಬಿಜಿಎಂ, ವರ್ನಾ ಫೀಲ್ಡ್ಸ್ ಅವರ ಎಡಿಟಿಂಗು, ಅದಕ್ಕೆ ಆಕೆಗೆ ಆಸ್ಕರ್ ಬಂತು. ಮೀನು ಸರಿಯಾಗಿ ಕಾಣೋದು ಒಂದು ಗಂಟೆ ದಾಟಿದ್ಮೇಲೇ. ಶಾರ್ಟ್ ಫಿಲ್ಮ್ ಮಾಡೋರು ದಿನಾ ಮಾಡೋದೂ ಇದನ್ನೇ ಅಲ್ವಾ, ಇಲ್ಲದ್ದನ್ನ ತೋರಿಸದೇ ಇದೆ ಅನ್ನಿಸೋದು. ಈ ಥರದ್ದನ್ನ ಹಿಡಿದು ಹೇಳೋಕೆ ರಿವ್ಯೂ ಬೇಕಪ್ಪಾ. ಟಿಕೆಟ್ ಎಷ್ಟು ಹೋಯ್ತು ಅಂತ ಹೇಳೋಕೆ ಲೆಕ್ಕದವರು ಸಾಕು.

ರಿಲೀಸ್ ವಿಷಯದಲ್ಲಿ ನಮ್ಮ 'ಕಾಂತಾರ' 'ಜಾಸ್'ಗೆ ಪೂರ್ತಿ ಉಲ್ಟಾ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಂತು, ಜನ ಬಾಯಿಂದ ಬಾಯಿಗೆ ಹೇಳಿ ಹೇಳಿ ಎರಡು ವಾರ ಆದ್ಮೇಲೆ ಹಿಂದಿ ತೆಲುಗು ತಮಿಳಲ್ಲಿ ರಿಲೀಸ್ ಮಾಡಿದ್ರು. ಅದನ್ನ ಕ್ಲಾಸಿಗೆ ನಾನೇ ಆರಿಸ್ಕೊಂಡು ಹೋಗಿ ಸಬ್‌ಟೈಟಲ್ ಹಾಕಿ ತೋರಿಸಿದೆ. ಕೊನೆ ಭಾಗಕ್ಕೆ ಯಾರೂ ಉಸಿರು ಬಿಡ್ಲಿಲ್ಲ ಅದು ಬೇರೆ ಮಾತು, ಆದ್ರೆ ಒಬ್ಬಳು ಕೇಳಿದ್ಳು, ನಿಮ್ಮ ಸಿನಿಮಾ ಯಾಕೆ ಅರ್ಧದಲ್ಲಿ ಒಂದ್ಸಲ ಮುಗಿಯೋ ಹಾಗೆ ಏರಿ ಮತ್ತೆ ಶುರುವಾಗುತ್ತೆ ಅಂತ. ಇಲ್ಲಿ ಇಂಟರ್ವಲ್ಲೇ ಇಲ್ವಲ್ಲ, ಸಿನಿಮಾ ಶುರುವಾದ್ರೆ ಮುಗಿಯೋ ತನಕ ಕೂತಿರ್ಬೇಕು. ನಮ್ಮಲ್ಲಿ ಇಂಟರ್ವಲ್ ಬ್ಲಾಕ್ ಅಂತಾನೇ ಕೂತು ಬರೀತಾರೆ, ಜನ ಎದ್ದು ಹೊರಗೆ ಹೋಗಿ ಮುಂದೇನಾಗುತ್ತೋ ಅಂತ ಮಾತಾಡ್ಕೊಂಡು ವಾಪಸ್ ಬರ್ಬೇಕು ಅಂತ, ಇದನ್ನ ವಿವರಿಸೋಕೆ ನಂಗೆ ಅರ್ಧ ಗಂಟೆ ಹಿಡೀತು. ಹುಟ್ಟಿದಾಗಿಂದ ನೋಡ್ತಿರೋ ವಸ್ತು, ಅದು ಕಟ್ಟಿದ್ದು ಹೀಗೆ ಅಂತ ನಾನೂ ಅವತ್ತೇ ಸರಿಯಾಗಿ ಯೋಚನೆ ಮಾಡಿದ್ದು. ಇಷ್ಟು ದೂರ ಬಂದಿದ್ದಕ್ಕೆ ಇದೂ ಒಂದು ಕಾರಣ ಅಂತ ಇಟ್ಕೊಳ್ಳಿ.

ಇನ್ನೊಂದು ಕಾರಣ ಈ ಊರೇ. 1888ರ ಅಕ್ಟೋಬರ್‌ನಲ್ಲಿ ಲೂಯಿ ಲೆ ಪ್ರಿನ್ಸ್ ಅನ್ನೋರು ಇಲ್ಲಿನ ರೌಂಡ್‌ಹೇ ಅನ್ನೋ ಕಡೆ ಅತ್ತೆ ಮಾವನ ಮನೆ ತೋಟದಲ್ಲಿ ಮಗ, ಅತ್ತೆ, ಮಾವ, ಇನ್ನೊಬ್ಬ ಹೆಂಗಸನ್ನ ಸುತ್ತ ನಡೆಸಿ ಶೂಟ್ ಮಾಡಿದ್ರು. ಉಳಿದಿರೋದು ಎರಡೇ ಸೆಕೆಂಡು. ಈಗ ಸಿಗೋ ಸಿನಿಮಾಗಳಲ್ಲೇ ಹಳೇದು ಅಂತ ಅದನ್ನೇ ಹೇಳ್ತಾರೆ. ಎರಡು ವರ್ಷ ಆದ್ಮೇಲೆ ಆ ಮನುಷ್ಯ ಫ್ರಾನ್ಸಲ್ಲಿ ಟ್ರೇನ್ ಹತ್ತಿದವರು ಮತ್ತೆ ಯಾರಿಗೂ ಕಾಣಿಸ್ಲಿಲ್ಲ, ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ, ಪುಟ್ಟ ಇದನ್ನಂತೂ ಹುಡುಕಿ ಓದ್ತಾನೆ ಬಿಡಿ.

ಪುಟ್ಟ, ನೀನು ವೀಡಿಯೋ ರಿವ್ಯೂ ಶುರು ಮಾಡ್ತೀನಿ ಅಂದ್ಯಲ್ಲ, ಮಾಡು, ಆದ್ರೆ ಸ್ಟಾರ್ ಕೊಡೋದು ಬಿಡು, ಮೂರೂವರೆ ಅಂದ್ರೆ ಏನು ಅಂತ ಕೇಳಿದ್ರೆ ನಿನ್ನ ಹತ್ರ ಉತ್ತರ ಇರಲ್ಲ. ಬರೀ ಲ್ಯಾಗ್ ಇದೆ ಅನ್ಬೇಡ, ಯಾವ ಸೀನಿಂದ ಯಾವ ಸೀನ್ ತನಕ ಲ್ಯಾಗು ಅಂತ ಹೇಳು. ಫೈಟ್ ಸೀನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅಂತ ನಿಂಗೆ ಗೊತ್ತಾಗ್ತಿದ್ಯಾ ನೋಡು, ಗೊತ್ತಾಗದೇ ಇದ್ರೆ ಬರೀ ಸದ್ದು ನಿನ್ನನ್ನ ಏಮಾರಿಸ್ತಿದೆ. ಹೀರೋ ಎಂಟ್ರಿನ ಒಂದ್ಸಲ ಮ್ಯೂಟ್ ಮಾಡಿ ನೋಡು.

ಅಮ್ಮ, ನಿಂಗೂ ಒಂದು ಕೆಲಸ ಇದೆ. ಟಿವಿಲಿ ಎಷ್ಟು ಸಲ ಬಂದ್ರೂ ಕೆಲವು ಸಿನಿಮಾ ಮಾತ್ರ ಕೆಲಸ ಬಿಟ್ಟು ನಿಂತು ನೋಡ್ತೀಯಲ್ಲ, ಅದರಲ್ಲಿ ಒಂದರ ಹೆಸರು, ಯಾವ ಸೀನಿಗೆ ನಿಲ್ತೀಯ, ಯಾಕೆ ನಿಲ್ತೀಯ, ಇಷ್ಟು ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸು. ಮುಂದಿನ ಅಸೈನ್‌ಮೆಂಟು ಮತ್ತೆ ಮತ್ತೆ ನೋಡೋ ಸಿನಿಮಾಗಳ ಮೇಲೇ ಇದೆ, ಶುಕ್ರವಾರದೊಳಗೆ ಕೊಡ್ಬೇಕು, ಹಾಗಾಗಿ ಬುಧವಾರದ ಒಳಗೆ ಕಳಿಸು. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡ್ಬಾರ್ದು.

ನಿಮ್ಮ
ಪುಟ್ಟಿ