ಹೆವಿ ಮೆಟಲ್ ಕೇಳುವ ಅಳಿಯನಿಗೆ

ಪ್ರೀತಿಯ ಪುಟ್ಟಾ,

ಅಕ್ಕ ಫೋನ್ ಮಾಡಿದ್ದಳು. "ಇವನು ಬಾಗಿಲು ಹಾಕ್ಕೊಂಡು ದೆವ್ವದ ಹಾಡು ಕೇಳ್ತಾನೆ, ನೀನೇ ಸ್ವಲ್ಪ ಬುದ್ಧಿ ಹೇಳು" ಅಂದಳು. ಹೇಳೋಕೆ ಮೊದಲು ನಾನೂ ಕೇಳೋಣ ಅಂತ, ನೀನು ಕಳಿಸಿದ್ದ ಬ್ಲ್ಯಾಕ್ ಸ್ಯಾಬತ್ ಅನ್ನೋ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಹಾಡು ಹಾಕಿದೆ. ಎರಡು ದಿನ ಬರೀ ತಲೆನೋವು. ಮೂರನೇ ದಿನ ಸಾಹಿತ್ಯ ಮುಂದಿಟ್ಟುಕೊಂಡು ಕೂತೆ.

ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷ ಪವರ್ ಪ್ರೆಸ್ ಪಕ್ಕ ನಿಂತವನು ನಾನು. ಅದಕ್ಕೇ ಇರಬೇಕು, ಆ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಟೋನಿ ಅಯೋಮಿಯ ಕಥೆ ಓದಿ ಮೈ ಜುಮ್ಮೆಂದಿತು. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆ. ಹುಡುಗನಿಗೆ 17 ವರ್ಷ, ಕೆಲಸದ ಕೊನೆಯ ದಿನ. ಬಲಗೈಯ ಎರಡು ಬೆರಳ ತುದಿ ಮೆಷಿನ್ನಿಗೆ ಹೋಯಿತು. ಅವನು ಎಡಚ, ತಂತಿ ಒತ್ತಬೇಕಾದ ಕೈಯೇ ಅದು! ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ನೋವು ಕಮ್ಮಿಯಾಗಲಿ ಅಂತ ತಂತಿಗಳನ್ನೂ ಸಡಿಲ ಬಿಟ್ಟ. ನಿಮ್ಮಮ್ಮ ದೆವ್ವದ್ದು ಅನ್ನುವ ಆ ತಗ್ಗಿನ ದನಿಯಲ್ಲಿ ಆ ಕಾರ್ಖಾನೆಯೂ ಇದೆ.

ಆ ಬ್ಯಾಂಡಿನವರ ಸಿಟ್ಟೂ ಅಲ್ಲಿಂದಲೇ ಬಂದದ್ದು. 1970ರ 'ವಾರ್ ಪಿಗ್ಸ್' ನಿನಗೆ ಬಾಯಿಪಾಠ ಅಂತ ಗೊತ್ತು. ವಿಯೆಟ್ನಾಂ ಯುದ್ಧದ ಕಾಲ. ಯುದ್ಧ ಶುರುಮಾಡುವ ದೊಡ್ಡವರು ಮನೆಯಲ್ಲಿರುತ್ತಾರೆ, ಸಾಯೋಕೆ ಬಡವರ ಮಕ್ಕಳು ಹೋಗುತ್ತಾರೆ. ಇಷ್ಟೇ ಮಾತು. ಇದರಲ್ಲಿ ದೆವ್ವ ಎಲ್ಲಿದೆ? ಕೊನೆಯಲ್ಲಿ ಸೈತಾನ ನಗುತ್ತಾನೆ, ನಿಜ. ಆದರೆ ನಗುವುದು ಆ ದೊಡ್ಡವರನ್ನು ಕಂಡು. ಇದನ್ನು ಅಕ್ಕನಿಗೆ ಹೇಳಿದೆ. ಅವಳೇನೂ ಒಪ್ಪಲಿಲ್ಲ ಬಿಡು.

ನನಗೆ ಮಾತ್ರ ಆ ಹಾಡಿನ ಕೊನೆ ಸಾಲದು ಅನ್ನಿಸಿತು. ನ್ಯಾಯವನ್ನು ದೇವರ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡ ಹಾಗೆ. ಮರುವರ್ಷದ 'ಚಿಲ್ಡ್ರನ್ ಆಫ್ ದ ಗ್ರೇವ್' ಕೇಳು, ಈ ಸಲ ಪೂರ್ತಿ ಕೇಳು. ಹೆಸರಿನಲ್ಲಿ ಸಮಾಧಿ ಇದೆ, ಒಳಗಿರುವುದು ನಿನ್ನ ವಯಸ್ಸಿನವರು. ಅಣುಬಾಂಬಿನ ಭಯದಲ್ಲೇ ಬದುಕಬೇಕಾ ಅಂತ ಕೇಳುತ್ತಾರೆ. ಒಳ್ಳೆ ಜಗತ್ತು ಬೇಕಾದರೆ ಇವತ್ತೇ ಬಾಯಿಬಿಡಿ, ಪ್ರೀತಿ ಇನ್ನೂ ಸತ್ತಿಲ್ಲ ಅಂತ ತೋರಿಸಿ, ಇಲ್ಲವಾದರೆ ಸಮಾಧಿಯೇ ಗತಿ ಅಂತ ಹಾಡು ಮುಗಿಯುತ್ತದೆ. ತಂತಿ ಇನ್ನೂ ಸಡಿಲ ಮಾಡಿ ನುಡಿಸಿದ ಹಾಡು ಅದು. ಕುದುರೆ ಓಡಿದ ಹಾಗೆ ತಾಳ. ಸೋತವರು ಹಾಗೆ ಬಾರಿಸಲ್ಲ.

ಈಗ ನಿನ್ನ ಬ್ಯಾಂಡಿನ ವಿಷಯ. ನೀನು ಬರೆದದ್ದು ಓದಿದೆ. ತಲೆಬುರುಡೆ, ರಕ್ತ, ಕತ್ತಲೆ, ಮತ್ತೆ ತಲೆಬುರುಡೆ. ಬೇಜಾರು ಮಾಡ್ಕೋಬೇಡ, ಅದೆಲ್ಲ ಎರವಲು ಸಾಮಾನು. ಅವರು ತಮ್ಮ ಕಾಲದಲ್ಲಿ ತಾವು ಕಂಡದ್ದನ್ನು ಬರೆದರು. ನಿನ್ನ ಪಿಜಿ ಎದುರು ರಾತ್ರಿ ಹನ್ನೊಂದಕ್ಕೂ ಬೈಕಿನ ಮೇಲೇ ಕೂತು ಆರ್ಡರ್‌ಗೆ ಕಾಯುವ ಹುಡುಗರಿದ್ದಾರೆ ಅಂದಿದ್ದೆ ಅಲ್ವಾ? ಅವರ ಜೊತೆ ಒಂದು ಚಹಾ ಕುಡಿದು ಬಾ, ಆಮೇಲೆ ಬರೆ. ಕನ್ನಡದಲ್ಲಿ ಬರೆದರೆ ನನಗೂ ಖುಷಿ. ಸಿಟ್ಟು ಜಾಸ್ತಿಯಾದರೂ ಪರವಾಗಿಲ್ಲ. ಆದರೆ ಆ ಹುಡುಗರು ನಾಳೆ ಏನು ಬಯಸುತ್ತಾರೆ ಅನ್ನೋದೂ ಒಂದು ಸಾಲಿನಲ್ಲಿ ಇರಲಿ.

ದಸರಾಕ್ಕೆ ಬರುವಾಗ ಗಿಟಾರ್ ತಾ. ವರಾಂಡದಲ್ಲಿ ಕೂತು ನುಡಿಸು, ಅಕ್ಕನೂ ಕೇಳಲಿ.

ಇಂತಿ,
ನಿನ್ನ ಮಾವ