ಆಟಕ್ಕೆ ಹೊರಟಿದ್ದೀರಾ? ಕಂಬಳಿ ಇದೆಯಾ?

ಬೇಸಿಗೆಯಲ್ಲಿ ಇಲ್ಲಿ ಇಂಗ್ಲೆಂಡಿನ ಹೊಲಗಳಲ್ಲಿ ಟೆಂಟ್ ಹಾಕಿ, ಕೆಸರಲ್ಲಿ ಮುಳುಗೆದ್ದು ಹಾಡು ಕೇಳಿ ಬಂದ ನಮ್ಮ ಸಂಘದ ಹುಡುಗ ಹುಡುಗಿಯರು ಈಗ ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟಿದ್ದಾರೆ. ಊರು ಅಂದರೆ ಶಿರಸಿ, ಯಲ್ಲಾಪುರ, ಕುಮಟಾ, ಹೊನ್ನಾವರ, ಕಾರವಾರ. ಒಂದು ರಾತ್ರಿ ಯಕ್ಷಗಾನ (ನಮ್ಮ ಕಡೆ ಅದಕ್ಕೇ ಆಟ ಅನ್ನುವುದು) ನೋಡಬೇಕು, ಸಾಧ್ಯವಾದರೆ ಅಹೋರಾತ್ರಿ ಸಂಗೀತ ಕೇಳಬೇಕು, ಕಡಲ ತೀರದಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತ ಇವರ ಆಸೆ. ಈ ತಿಂಗಳು ಸಂಪಾದಕರಿಗೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ: ಇಲ್ಲಿ ಕೊಂಡ ಟೆಂಟು, ಸ್ಲೀಪಿಂಗ್ ಬ್ಯಾಗು, ಗಾಳಿ ತುಂಬುವ ಹಾಸಿಗೆ ಎಲ್ಲ ಹೊತ್ತುಕೊಂಡು ಹೋಗಬಹುದಾ?

ಹೋಗಬಹುದು. ಆದರೆ ಬೇಡ.

ಇಲ್ಲಿನ ಸಂಗೀತ ಹಬ್ಬಗಳಿಗೆ ಅವುಗಳದೇ ಒಂದು ವ್ಯವಸ್ಥೆ ಇದೆ. ಗ್ಲಾಸ್ಟನ್‌ಬರಿ 1970ರಲ್ಲಿ ಶುರುವಾದದ್ದು ಒಂದು ಹೈನು ಫಾರ್ಮಿನಲ್ಲೇ, ಇವತ್ತಿಗೂ ಅಲ್ಲೇ ನಡೆಯುತ್ತದೆ. ಆದರೂ ಟೆಂಟ್ ಎಲ್ಲಿ ಹಾಕಬೇಕು, ನೀರು ಎಲ್ಲಿ ಸಿಗುತ್ತದೆ, ಗಾಯವಾದರೆ ಎಲ್ಲಿಗೆ ಓಡಬೇಕು ಅನ್ನೋದೆಲ್ಲ ನಕ್ಷೆಯಲ್ಲಿ ಇರುತ್ತದೆ. ನಮ್ಮ ಕಡೆ ಆಟ ನಡೆಯುವುದು ಯಾರದೋ ಕೊಯ್ಲು ಮುಗಿದ ಗದ್ದೆಯಲ್ಲಿ, ಇಲ್ಲವೇ ಶಾಲೆಯ ಬಯಲಲ್ಲಿ, ದೇವಸ್ಥಾನದ ಎದುರಿನ ಅಂಗಳದಲ್ಲಿ. ಗದ್ದೆಯಲ್ಲಿ ಭತ್ತದ ಕೂಳೆ ಇರುತ್ತದೆ. ನಿಮ್ಮ ದುಬಾರಿ ಗಾಳಿ ಹಾಸಿಗೆ ಅದರ ಮೇಲೆ ಆಟದ ಶುರುವಿನ ಸಭಾಲಕ್ಷಣ ಮುಗಿಯುವವರೆಗೂ ಬಾಳುವುದಿಲ್ಲ. ಆಟದ ಬಯಲಲ್ಲಿ ಟೆಂಟ್ ಅಂತೂ ಯಾರೂ ಹಾಕುವುದಿಲ್ಲ, ಹಾಕಿದರೆ ಹಿಂದೆ ಕೂತವರು ಸುಮ್ನೆ ಬಿಡುವುದೂ ಇಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ: ಮಲಗುವುದಕ್ಕಾಗಿ ಚೀಲ ತುಂಬಬೇಡಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಎಚ್ಚರ ಇರುವುದಕ್ಕಾಗಿ ತುಂಬಿ. ಮೊದಲ ಸಲ ಹೋದವರು ಹನ್ನೆರಡಕ್ಕೋ ಒಂದಕ್ಕೋ ಎದ್ದು ಬರುವುದು ಬೇಜಾರಾಗಿ ಅಲ್ಲ. ಚಳಿ ಆಗುತ್ತದೆ, ಸೊಂಟ ನೋಯುತ್ತದೆ, ಬಚ್ಚಲು ಎಲ್ಲಿ ಅಂತ ಗೊತ್ತಿರುವುದಿಲ್ಲ, ಫೋನ್ ಸತ್ತಿರುತ್ತದೆ. ಅವರು ಎದ್ದು ಹೋದ ಮೇಲೆಯೇ ಆಟಕ್ಕೆ ಬಿಸಿ ಏರುವುದು. ಹಿಂದೂಸ್ತಾನಿ ಸಂಗೀತವೂ ಹಾಗೇ. ಆ ಸಂಗೀತದಲ್ಲಿ ಧಾರವಾಡದ ಹೆಸರು ಜಾಸ್ತಿ ಕೇಳಿಸುತ್ತದೆ ನಿಜ, ಆದರೆ ಹಾಸಣಗಿ ಗಣಪತಿ ಭಟ್ಟರಂಥ ಗಾಯಕರನ್ನು ಕೊಟ್ಟ ನಮ್ಮ ಯಲ್ಲಾಪುರ, ಶಿರಸಿ, ಹೊನ್ನಾವರದ ಹಳ್ಳಿಗಳಲ್ಲೂ ಅದನ್ನು ಕೂತು ಕೇಳುವ ಜನ ಇದ್ದಾರೆ. ಅಲ್ಲಿ ರಾಗಕ್ಕೆ ಹೊತ್ತು ಇದೆ. ಮಧ್ಯರಾತ್ರಿ ಕಳೆದ ಮೇಲೆ ಮಾಲಕಂಸ, ಬೆಳಕು ಹರಿಯುವ ಮೊದಲು ಲಲಿತ್, ಆಮೇಲೆ ಭೈರವ. ಸಂಜೆ ಕಚೇರಿಗಷ್ಟೇ ಹೋಗುವವರಿಗೆ ಲಲಿತ್ ಎದುರೆದುರು ಸಿಗುವುದೇ ಅಪರೂಪ. ಅದಕ್ಕೇ ಈ ರಾತ್ರಿ ಮುಖ್ಯ.

ಹೋಗುವ ಮೊದಲು ಒಂದು ವಿಚಾರ ವಿಚಾರಿಸಿಕೊಳ್ಳಿ. ಆಟ ರಾತ್ರಿಯಿಡೀ ಇದೆಯಾ, ಕಾಲಮಿತಿಯಾ? 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲ ಕೊಡಬಹುದು, ಅಷ್ಟೇ. ಈ ನಿಯಮ ಒಂದು ಕಡೆ, ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಇನ್ನೊಂದು ಕಡೆ. ಹಾಗಾಗಿ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ಆಟಗಳು ಈಗ ಜಾಸ್ತಿ. ಕಾಲಮಿತಿ ಆಟಕ್ಕೆ ಕಂಬಳಿ ಹೊತ್ತು ಹೋದರೆ ನಗುತ್ತಾರೆ. ಹಾಗೆಯೇ ಕಾರವಾರದ ಕರಾವಳಿ ಉತ್ಸವ ಪ್ರತಿ ವರ್ಷ ಇದ್ದೇ ಇರುತ್ತದೆ ಅಂತ ನಂಬಿ ಟಿಕೆಟ್ ತೆಗೆಯಬೇಡಿ. ಬನವಾಸಿಯ ಕದಂಬೋತ್ಸವದ ದಿನಾಂಕವೂ ವರ್ಷದಿಂದ ವರ್ಷಕ್ಕೆ ಓಡಾಡುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಕ್ರಿಸ್‌ಮಸ್ ರಜೆಗೆ ಸಿಗುವುದಲ್ಲ. ಊರಲ್ಲಿರುವ ಚಿಕ್ಕಪ್ಪನಿಗೋ ಅತ್ತೆಗೋ ಒಂದು ಫೋನ್ ಮಾಡಿ. ಇಂಟರ್‌ನೆಟ್ಟಿಗಿಂತ ಅವರಿಗೆ ಬೇಗ ಗೊತ್ತಾಗುತ್ತದೆ.

ಈಗ ಚೀಲ. ಘಟ್ಟದ ಮೇಲೆಯೋ ಕೆಳಗೋ ಅನ್ನುವುದರ ಮೇಲೆ ಅರ್ಧ ತೀರ್ಮಾನ ಆಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಲಂಡನ್ನಿನವರು 15 ಡಿಗ್ರಿ ಅಂದರೆ ನಗುತ್ತಾರೆ, ನನಗೆ ಗೊತ್ತು. ಆದರೆ ಎಂಟು ತಾಸು ಅಲ್ಲಾಡದೆ ನೆಲದ ಮೇಲೆ ಕೂತು, ಮೇಲಿನಿಂದ ಇಬ್ಬನಿ ತಲೆಗೂ ಹೆಗಲಿಗೂ ಇಳಿಯುತ್ತಿರುವಾಗಿನ 15 ಡಿಗ್ರಿಯೇ ಬೇರೆ. "ಥಂಡಿ ಬೀಳ್ತು, ಕಂಬಳಿ ತಗಂಡೇ ಹೋಗು ತಮ್ಮಾ" ಅಂತ ನಮ್ಮ ಕಡೆ ಅಜ್ಜಿಯಂದಿರು ಬಾಗಿಲವರೆಗೂ ಬಂದು ಹೇಳುವುದು ಸುಮ್ನೆ ಅಲ್ಲ. ಕರಾವಳಿಯಲ್ಲಿ ಅಷ್ಟು ಚಳಿ ಇಲ್ಲ, 20ರ ಹತ್ತಿರ ಇರುತ್ತದೆ. ಅಲ್ಲಿ ಒಂದು ಶಾಲು, ಒಂದು ಉದ್ದ ತೋಳಿನ ಅಂಗಿ ಸಾಕು. ಸೊಳ್ಳೆ ಮಾತ್ರ ಧಾರಾಳ.

ಹಾಸುವ ಕ್ರಮ ನೋಡಿ. ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ತಾಡಪಾಲು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಒಂದು ಹಳೆ ಜಮಖಾನ. ನೆಲದ ತೇವ ಮೇಲೆ ಬರುವುದನ್ನು ತಾಡಪಾಲು ತಡೆಯುತ್ತದೆ, ಕೂಳೆ ಚುಚ್ಚುವುದನ್ನು ಚಾಪೆ ತಡೆಯುತ್ತದೆ. ತಾಡಪಾಲನ್ನು ನಿಮಗೆ ಬೇಕಾದ್ದಕ್ಕಿಂತ ಒಂದು ಮೊಳ ಉದ್ದ ಕತ್ತರಿಸಿಕೊಳ್ಳಿ. ಆ ಹೆಚ್ಚಿನ ಭಾಗವನ್ನು ತಲೆಯ ಕಡೆ ಮಡಚಿ, ಚಪ್ಪಲಿಯನ್ನು ಒಂದು ಚೀಲದಲ್ಲಿ ಕಟ್ಟಿ ಅದರೊಳಗೆ ಇಟ್ಟರೆ ದಿಂಬೂ ಆಯಿತು, ಬೆಳಿಗ್ಗೆ ಚಪ್ಪಲಿ ಹುಡುಕುವ ಕೆಲಸವೂ ಉಳಿಯಿತು. ಹೊದೆಯಲು ಉಣ್ಣೆ ಕಂಬಳಿ. ಇಬ್ಬನಿಗೆ ಅದರ ಮೇಲ್ಮೈ ಒದ್ದೆಯಾದರೂ ಒಳಗೆ ಬೆಚ್ಚಗೇ ಇರುತ್ತದೆ. ಹತ್ತಿಯ ರಜಾಯಿ ಹಾಗಲ್ಲ, ಒದ್ದೆಯಾಯಿತು ಅಂದರೆ ಮುಗಿಯಿತು. ಕಿವಿಗೆ ಮಫ್ಲರ್. ಇದ್ಯಾವುದನ್ನೂ ಇಲ್ಲಿಂದ ಒಯ್ಯಬೇಡಿ, ಊರ ಮನೆಯ ಅಟ್ಟದ ಮೇಲೆ ಎಲ್ಲವೂ ಇರುತ್ತದೆ. ಇಲ್ಲದಿದ್ದರೆ ಶಿರಸಿ ಪೇಟೆಯಲ್ಲಿ ಸಿಗುತ್ತದೆ.

ಜಾಗ ಹಿಡಿಯುವಾಗ ಸ್ಪೀಕರ್ ಎದುರು ಕೂರಬೇಡಿ. 85 ಡೆಸಿಬಲ್ ಸದ್ದನ್ನು ಎಂಟು ತಾಸು ಕೇಳಬಹುದು ಅನ್ನುವುದು ಒಂದು ಸಾಮಾನ್ಯ ಮಿತಿ. ಆಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಚಂಡೆ ಏರಿದಾಗ, ಅದೂ ಮೈಕಿನಲ್ಲಿ, ಲೆಕ್ಕ ನೀವೇ ಹಾಕಿ. ಇಲ್ಲಿನ ಹಬ್ಬಗಳಿಗೆ ಕೊಂಡ ಇಯರ್ ಪ್ಲಗ್ ಇದ್ದರೆ ಅದನ್ನು ಖಂಡಿತ ಹಾಕಿಕೊಳ್ಳಿ, ಚೀಲದಲ್ಲಿ ಅದಕ್ಕೆ ಜಾಗ ಎಷ್ಟು ಬೇಕು? ಚಿಕ್ಕ ಮಕ್ಕಳಿಗಂತೂ ಕಿವಿ ಮುಚ್ಚುವ ಮಫ್ ಬೇಕೇ ಬೇಕು.

ಟೆಂಟ್ ಹಾಕಲೇಬೇಕು ಅನ್ನುವವರಿಗೆ ಕಡಲ ಕಡೆ ಜಾಗ ಇದೆ. ಗೋಕರ್ಣದ ಸುತ್ತ ಟೆಂಟ್ ಬಾಡಿಗೆಗೆ ಕೊಡುವವರು, ಹೋಂಸ್ಟೇ ಹಿತ್ತಲಲ್ಲಿ ಹಾಕಲು ಬಿಡುವವರು ಸಿಗುತ್ತಾರೆ. ತೀರದಲ್ಲಿ ಸಿಕ್ಕಲ್ಲಿ ಹಾಕಬೇಡಿ, ಮೊದಲು ಕೇಳಿ. ಕೇಳಿ ಹಾಕುವಾಗಲೂ ಭರತಿಯ (ಉಬ್ಬರದ) ಗೆರೆ ನೋಡಿಕೊಳ್ಳಿ. ಮರಳ ಮೇಲೆ ಒಣ ಕಸ, ಚಿಪ್ಪು, ಬಲೆಯ ಚೂರು ಸಾಲಾಗಿ ಬಿದ್ದಿರುತ್ತದಲ್ಲ, ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇನ್ನೂ ಮೇಲೆ ಬರುತ್ತದೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ಹತ್ತಕ್ಕೆ ನೀರು ಬಂದಿದ್ದನ್ನು ನೋಡಿ ಇವತ್ತೂ ಹತ್ತಕ್ಕೇ ಅಂತ ಕೂರಬೇಡಿ. ತೆಂಗಿನ ಮರದ ಕೆಳಗೆ ಹಾಕಬೇಡಿ, ಕಾರಣ ಹೇಳಬೇಕಾಗಿಲ್ಲ. ಗಾಳಿಮರದ ಹತ್ತಿರ ಪರವಾಗಿಲ್ಲ.

ಇನ್ನು ಗೂಟ. ಇಲ್ಲಿನ ಹುಲ್ಲುಗಾವಲಿಗೆ ಮಾಡಿದ ತೆಳು ಗೂಟ ಮರಳಲ್ಲಿ ನಿಲ್ಲುವುದೇ ಇಲ್ಲ, ಒಂದು ಗಾಳಿಗೆ ಬೆಣ್ಣೆಯಿಂದ ಎಳೆದಂತೆ ಎದ್ದು ಬರುತ್ತದೆ. ಅಂಗಡಿಯಲ್ಲಿ ನಾಲ್ಕು ಖಾಲಿ ಅಕ್ಕಿ ಚೀಲ ಕೇಳಿ ತನ್ನಿ. ಒಂದೊಂದಕ್ಕೂ ಅರ್ಧದಷ್ಟು ಮರಳು ತುಂಬಿ, ಬಾಯಿ ಬಿಗಿದು, ಟೆಂಟಿನ ಹಗ್ಗವನ್ನು ಚೀಲದ ನಡುವಿಗೆ ಕಟ್ಟಿ. ಮೊಣಕೈ ಆಳದ ಗುಂಡಿಯಲ್ಲಿ ಚೀಲವನ್ನು ಅಡ್ಡ ಮಲಗಿಸಿ ಮರಳು ಮುಚ್ಚಿ ತುಳಿಯಿರಿ. ಇನ್ನು ಅದು ಅಲ್ಲಾಡುವುದಿಲ್ಲ. ಹೊರಡುವಾಗ ಚೀಲ ಅಗೆದು ತೆಗೆದುಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ.

ರಾತ್ರಿ ತೀರದಲ್ಲಿ ದೊಡ್ಡ ದೀಪ, ಬೆಂಕಿ ಬೇಡ. ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಮೊಟ್ಟೆ ಇಡಲು ಬರುವುದು ಇದೇ ಚಳಿಗಾಲದಲ್ಲಿ. ಬೆಳಕಿಗೆ ತಾಯಿ ಆಮೆ ಹೆದರಿ ಹಿಂದಿರುಗುತ್ತದೆ, ಮರಿಗಳು ಕಡಲು ಬಿಟ್ಟು ದೀಪದ ಕಡೆ ಹೋಗುತ್ತವೆ. ಕೆಂಪು ಬೆಳಕಿನ ಹೆಡ್ ಟಾರ್ಚ್ ಸಾಕು. ಆಟದ ಬಯಲಿಗೂ ಅದೇ ಒಳ್ಳೆಯದು, ಪಕ್ಕದವರ ಕಣ್ಣಿಗೆ ಚುಚ್ಚುವುದಿಲ್ಲ.

ಘಟ್ಟದ ಮೇಲೆ ಕಾಡಂಚಿನಲ್ಲಿ ಟೆಂಟ್ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ನಾನು ಹೆದರಿಸುತ್ತಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ, ಸಿದ್ದಾಪುರ ಕಡೆಯೂ ಕಾಣಿಸಿಕೊಳ್ಳುತ್ತದೆ. ಉಣುಗು ಕಚ್ಚಿ ಬರುವ ಜ್ವರ ಅದು, ಮಳೆ ಮುಗಿದು ಮತ್ತೆ ಮಳೆ ಬರುವವರೆಗೆ ಅದರ ಕಾಲ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಹೇಳಿ. ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಕೀಟ ಓಡಿಸುವ ಡೀಟ್ ಇರುವ ಮುಲಾಮು ಹಚ್ಚಿ. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಬೇಕು. ಅಷ್ಟರೊಳಗೆ ನೀವು ಇಲ್ಲಿಗೆ ವಾಪಸ್ ಬಂದಿರುತ್ತೀರಿ. ತಲೆ ಸಿಡಿಯುವಂತೆ ನೋವು, ಮೈಕೈ ನೋವು, ಜ್ವರ ಬಂದರೆ ಇಲ್ಲಿನ ಡಾಕ್ಟರಿಗೆ ಕಾಡಿನ ಹತ್ತಿರ ಹೋಗಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳುವುದಿಲ್ಲ.

ವಿಮಾನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಂಪಿಂಗ್ ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಪವರ್ ಬ್ಯಾಂಕ್ ಕೈ ಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ವೇಪ್ ಸೇದುವವರು (ಯಾರು ಅಂತ ನಿಮ್ಮ ಅಪ್ಪ ಅಮ್ಮನಿಗೆ ನಾನು ಹೇಳುವುದಿಲ್ಲ) ಅದನ್ನು ಇಲ್ಲೇ ಬಿಟ್ಟು ಹೋಗಿ, ಭಾರತದಲ್ಲಿ 2019ರಿಂದ ಇ-ಸಿಗರೇಟಿಗೆ ನಿಷೇಧ ಇದೆ. ಬೆಟ್ಟ ಹತ್ತುವವರು ಇಟ್ಟುಕೊಳ್ಳುವ ಉಪಗ್ರಹ ಸಂದೇಶದ ಸಾಧನವನ್ನೂ ಅನುಮತಿ ಇಲ್ಲದೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಡ್ರೋನ್ ಅಂತೂ ಬೇಡವೇ ಬೇಡ. ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ. ಸೂರ್ಯಾಸ್ತದ ವಿಡಿಯೋ ತೆಗೆಯುತ್ತಿದ್ದೆ ಅಂದರೆ ಯಾರೂ ಕೇಳುವುದಿಲ್ಲ.

ತಿನ್ನುವುದಕ್ಕೆ ಏನೂ ಒಯ್ಯಬೇಡಿ. ಬಯಲಿನ ಅಂಚಲ್ಲಿ ಚಾ, ಶೇಂಗಾ, ಮಿರ್ಚಿ ಭಜಿ ಅಂಗಡಿ ಇದ್ದೇ ಇರುತ್ತದೆ, ಎರಡು ಗಂಟೆ ರಾತ್ರಿಗೆ ಆ ಚಹಾದಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ. ನೂರು, ಐವತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ. ಯುಪಿಐ ಎಲ್ಲ ಕಡೆ ಇದೆ, ನಿಮ್ಮ ವಿದೇಶಿ ಕಾರ್ಡ್ ಮಾತ್ರ ಅಲ್ಲಿ ನಡೆಯುವುದಿಲ್ಲ. ಕುಡಿಯುವ ನೀರು ಕುದಿಸಿ ಆರಿಸಿದ್ದು ಮನೆಯಿಂದಲೇ ತುಂಬಿಕೊಂಡು ಹೋಗಿ. ಟಿಶ್ಯೂ, ಸೋಪಿನ ಚೂರು ಜೇಬಲ್ಲಿ ಇರಲಿ. ಬಚ್ಚಲ ವಿಷಯಕ್ಕೆ ಬಂದರೆ, ಬೆಳಕಿರುವಾಗಲೇ ಹೋಗಿ ಹತ್ತಿರದ ಮನೆಯವರನ್ನು ಮಾತಾಡಿಸಿ. "ಅತ್ತೇ, ರಾತ್ರಿ ಒಂದು ಸಲ ಬರ್ತೀವಿ" ಅಂದರೆ ಬೇಡ ಅನ್ನುವವರು ನಮ್ಮ ಕಡೆ ಕಡಿಮೆ, ಜೊತೆಗೆ ಕಷಾಯವೂ ಸಿಗಬಹುದು. ಹೆಣ್ಣುಮಕ್ಕಳು ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡಬೇಡಿ.

ಸ್ವಲ್ಪ ಬೇಗ ಹೋದರೆ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗ, ನೋಡಬಹುದು. ಕೇಳಿಯೇ ಒಳಗೆ ಹೋಗಿ, ಚಪ್ಪಲಿ ಹೊರಗೆ ಬಿಡಿ. ಅಲ್ಲಿ ಗಣಪತಿ ಪೂಜೆ ನಡೆದಿರುತ್ತದೆ. ತಲೆಗೆ ಕೇದಗೆ ಮುಂದಲೆ ಕಟ್ಟುತ್ತಿರುವ ಕಲಾವಿದರ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ, ಸೆಲ್ಫಿಗೆ ಪೀಡಿಸಬೇಡಿ. ಅಂದಿನ ಪ್ರಸಂಗದ ಕತೆ ಮಾತ್ರ ಮನೆಯಲ್ಲೇ ಕೇಳಿಕೊಂಡು ಹೋಗಿ. ಕತೆ ಗೊತ್ತಿದ್ದರೆ ಅರ್ಥಗಾರಿಕೆಯ (ಪಾತ್ರಧಾರಿಗಳ ಮಾತಿನ) ಕನ್ನಡ ಪೂರ್ತಿ ತಿಳಿಯದಿದ್ದರೂ ಯಾರು ಯಾರನ್ನು ಕೆಣಕುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ನಿದ್ದೆಯೂ ಬರುವುದಿಲ್ಲ.

ಮಂಗಳ ಹಾಡಿ ಮುಗಿದ ತಕ್ಷಣ ಕಾರು ಹತ್ತಬೇಡಿ. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಿನ ಮಂಜಿನಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವುದು ಯಾರಿಗೂ ಒಳ್ಳೆಯದಲ್ಲ. ರಸ್ತೆ ಕಾಮಗಾರಿಗೆ ಅದನ್ನು ಮುಚ್ಚಿದ್ದೂ ಇದೆ. ನೆಂಟರ ಮನೆ ಜಗುಲಿಯಲ್ಲಿ ಎರಡು ತಾಸು ಮಲಗಿ, ತಿಂಡಿ ತಿಂದು ಹೊರಡಿ. ಜೊತೆಗೆ ಆಟ ನೋಡದ ಡ್ರೈವರ್ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು.

ಅಂದ ಹಾಗೆ ಸಂಘದ ಪಿಕ್‌ನಿಕ್ ಪೆಟ್ಟಿಗೆಯಲ್ಲಿ ಕೆಂಪು ಬೆಳಕಿನ ಹೆಡ್ ಟಾರ್ಚುಗಳೂ ಮಕ್ಕಳ ಕಿವಿ ಮಫ್‌ಗಳೂ ಇವೆ. ಬೇಕಾದವರು ಮುಂದಿನ ಸಭೆಯ ದಿನ ಕೇಳಿ ತೆಗೆದುಕೊಂಡು ಹೋಗಿ. ಬ್ಯಾಟರಿ ನಿಮ್ಮದೇ. ಸಂಕ್ರಾಂತಿ ಕೂಟದೊಳಗೆ ವಾಪಸ್ ತನ್ನಿ, ಅಲ್ಲಿ ಮಕ್ಕಳ ಡೊಳ್ಳು ಕುಣಿತ ಇದೆ, ಮಫ್ ಬೇಕಾಗುತ್ತದೆ.