ಮನೆಯವರಿಂದಲೇ ಮನೆ ಕೊಳ್ಳುವವರಿಗೆ ಸಾಲ: ಸದಸ್ಯರಿಗೆ ಪತ್ರ

ಮಾನ್ಯ ಸದಸ್ಯರೇ,

ಬರುವ ತಿಂಗಳ 1ರಿಂದ ನಮ್ಮ ಪತ್ತಿನ ಸಹಕಾರ ಸಂಘದ ಮನೆ ಸಾಲದ ನಿಯಮ ಬದಲಾಗುತ್ತಿದೆ. ಅಣ್ಣ, ತಮ್ಮ, ಅಕ್ಕ, ಚಿಕ್ಕಪ್ಪ, ಸೋದರಮಾವ ಹೀಗೆ ಮನೆಯವರಿಂದಲೇ ಮನೆ ಕೊಳ್ಳುವವರಿಗೆ ಇಷ್ಟು ದಿನ ನಾವು ಸಾಲ ಕೊಡುತ್ತಿರಲಿಲ್ಲ. ಇನ್ನು ಕೊಡುತ್ತೇವೆ. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸ್ ಇಲ್ಲದವರೂ ಅರ್ಜಿ ಹಾಕಬಹುದು.

ಮೊದಲು ಯಾಕೆ ಕೊಡುತ್ತಿರಲಿಲ್ಲ ಎಂದು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು ತಂದೆಯ ಮನೆಯನ್ನು ಕ್ರಯಕ್ಕೆ ಪಡೆಯುತ್ತೇನೆಂದು ಸಾಲ ತೆಗೆದರು. ಹಣ ತಂದೆಯ ಖಾತೆಗೆ ಹೋಗಿ, ಒಂದೇ ವಾರದಲ್ಲಿ ಮಗನ ಖಾತೆಗೆ ವಾಪಸ್ ಬಂದು, ಅಲ್ಲಿಂದ ವ್ಯಾಪಾರಕ್ಕೆ ಹೋಗಿ ಮುಳುಗಿತು. ಕಂತು ನಿಂತಾಗ ನೋಟಿಸ್ ಹಿಡಿದುಕೊಂಡು ಹೋದವನು ನಾನೇ. ಬಾಗಿಲು ತೆರೆದ ಅಜ್ಜ, "ಬನ್ನಿ ಸ್ವಾಮಿ, ಬಿಸಿಲಲ್ಲಿ ಬಂದಿದೀರಿ" ಎಂದು ಕಾಫಿ ಮಾಡಿಸಿದರು. ಓದಿ ಹೇಳಿದ ಮೇಲೆ ಅವರು ಅಂದದ್ದು ಇಷ್ಟೇ: "ಮಗ ಸಹಿ ಹಾಕು ಅಂದ, ಹಾಕಿದೆ." ಆ ಲೋಟ ಖಾಲಿ ಮಾಡಲು ನನ್ನಿಂದ ಆಗಲಿಲ್ಲ. ಅದಾದ ಮೇಲೆ ನಿರ್ದೇಶಕ ಮಂಡಳಿ ಈ ಬಗೆಯ ಸಾಲವನ್ನೇ ನಿಲ್ಲಿಸಿತು.

ಈಗ ಮತ್ತೆ ಶುರು ಮಾಡಲು ಕಾರಣ ನಮ್ಮ ಸದಸ್ಯರಾದ ಒಬ್ಬ ಟೈಲರ್. ಎರಡು ಮಿಷನ್, ಒಬ್ಬ ಸಹಾಯಕ, ದಿನಕ್ಕೆ 400 ರೂಪಾಯಿ ಪಿಗ್ಮಿ, ಅಂದರೆ ಸಂಗ್ರಾಹಕರ ಕೈಗೆ ದಿನಾ ಕೊಡುವ ಉಳಿತಾಯ. ಹಬ್ಬದ ಮಾರನೇ ದಿನ ಬಿಟ್ಟರೆ ಅವರ ಪಿಗ್ಮಿ ತಪ್ಪಿದ್ದು ನನಗೆ ನೆನಪಿಲ್ಲ. ಬೇರೆ ಊರಲ್ಲಿ ನೆಲೆಸಿರುವ ಅಣ್ಣ ತನ್ನ ಮನೆಯನ್ನು ಇವರಿಗೇ 12 ಲಕ್ಷಕ್ಕೆ ಕೊಡಲು ಒಪ್ಪಿದ್ದರು. ಹೊರಗೆ 16 ಲಕ್ಷಕ್ಕೆ ಹೋಗುವ ಮನೆ. ಬ್ಯಾಂಕ್ ಮೂರು ವರ್ಷದ ರಿಟರ್ನ್ಸ್ ಕೇಳಿತು, ಇವರ ಹತ್ತಿರ ಇರಲಿಲ್ಲ. ನಾವೂ ನಿಯಮ ತೋರಿಸಿ ಕಳಿಸಿದೆವು. ಕೊನೆಗೆ ಅಣ್ಣತಮ್ಮ ಸೇರಿ ಛಾಪಾ ಕಾಗದದ ಮೇಲೆ ಕರಾರು ಬರೆದುಕೊಂಡು, ಕಂತಿನಲ್ಲಿ ಹಣ ತೀರಿಸುವುದು ಎಂದು ಮಾತಾಡಿಕೊಂಡರು.

ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. ನೋಂದಾಯಿತ ಕ್ರಯಪತ್ರ ಆಗುವವರೆಗೆ ಮನೆ ಅಣ್ಣನದೇ. ಕರಾರಿನಲ್ಲಿ ಹೇಳಿದ ಗಡುವು ಮುಗಿದು 3 ವರ್ಷ ಕಳೆದರೆ, ಕ್ರಯ ಮಾಡಿಕೊಡಿ ಎಂದು ದಾವೆ ಹೂಡುವ ಅವಧಿಯೂ ಮುಗಿಯುತ್ತದೆ. ಅಣ್ಣ ಇರುವವರೆಗೆ ಎಲ್ಲ ಸರಿ. ನಾಳೆ ಅತ್ತಿಗೆ, ಅವರ ಮಕ್ಕಳು ಬಂದು ಕೇಳಿದರೆ? ಪಿಗ್ಮಿ ಇಷ್ಟು ನೇಮದಿಂದ ಕಟ್ಟುವ ಮನುಷ್ಯನನ್ನು ಆ ದಾರಿಗೆ ತಳ್ಳಿದ್ದು ನಮ್ಮ ನಿಯಮ ಎಂದು ನನಗೆ ಅನ್ನಿಸಿತು, ಮಂಡಳಿಗೂ ಅನ್ನಿಸಿತು.

ಹಾಗಾಗಿ, ಕನಿಷ್ಠ 24 ತಿಂಗಳ ಪಿಗ್ಮಿ ಲೆಕ್ಕವನ್ನೇ ಆದಾಯದ ಆಧಾರವಾಗಿ ಒಪ್ಪುತ್ತೇವೆ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರುವಾದದ್ದೇ ದಿನಕ್ಕೆ ಎರಡಾಣೆ ಉಳಿಸುವವರನ್ನು ನಂಬಿ. ಅವರನ್ನು ಸಾಲಕ್ಕೆ ಮಾತ್ರ ನಂಬುವುದಿಲ್ಲ ಎಂದರೆ ಹೇಗೆ? ದಿನಕ್ಕೆ 400 ಕಟ್ಟುವವರು ತಿಂಗಳಿಗೆ 12,000ದ ಆಸುಪಾಸಿನ ಕಂತು ತಾಳಿಕೊಳ್ಳಬಲ್ಲರು ಎಂದು ಲೆಕ್ಕ.

ಹೊರಗಿನವರಿಂದ ಕೊಂಡರೆ ಕ್ರಯದ ಶೇ 75ರಷ್ಟು ಸಾಲ ಕೊಡುತ್ತೇವೆ. ಮನೆಯವರಿಂದ ಕಡಿಮೆ ಬೆಲೆಗೆ ಕೊಂಡರೆ ಶೇ 90ರವರೆಗೆ ಕೊಡುತ್ತೇವೆ, ಆದರೆ ಅದು ನಮ್ಮ ಮೌಲ್ಯಮಾಪಕರು ಹಾಕಿದ ಬೆಲೆಯ ಶೇ 70 ಮೀರಬಾರದು. ಟೈಲರ್ ಅವರ ಲೆಕ್ಕ ನೋಡಿ: 12 ಲಕ್ಷದ ಶೇ 90 ಎಂದರೆ 10.8 ಲಕ್ಷ, 16 ಲಕ್ಷದ ಶೇ 70 ಎಂದರೆ 11.2 ಲಕ್ಷ. ಎರಡರಲ್ಲಿ ಕಡಿಮೆಯಾದ 10.8 ಲಕ್ಷ ಸಿಗುತ್ತದೆ. ಕೈಯಿಂದ ಹಾಕಬೇಕಾದ್ದು 1.2 ಲಕ್ಷ, ಜೊತೆಗೆ ನೋಂದಣಿ ಖರ್ಚು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ 7.6 ಆಗುತ್ತದೆ, ಅಂದರೆ 91,200 ರೂಪಾಯಿ. ಇದಕ್ಕೆ ಸಾಲ ಇಲ್ಲ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಕ್ರಯಕ್ಕಿಂತ ಹೆಚ್ಚಿದ್ದರೆ ಶುಲ್ಕ ಆ ದರದ ಮೇಲೇ ಬೀಳುತ್ತದೆ. ವ್ಯತ್ಯಾಸ ಶೇ 10 ದಾಟಿದರೆ ಮಾರುವವರ ಲಾಭದ ತೆರಿಗೆಯನ್ನೂ ಆ ದರದ ಮೇಲೇ ಹಾಕುತ್ತಾರೆ. ಸ್ವಂತ ತಮ್ಮನಿಗೆ ಕೊಟ್ಟೆ ಎಂದರೆ ಇಲಾಖೆ ಕೇಳುವುದಿಲ್ಲ.

"ದಾನಪತ್ರ ಮಾಡಿಸಿದರೆ ಖರ್ಚೇ ಇಲ್ಲವಲ್ಲ" ಎಂದು ಕೇಳುವವರಿದ್ದಾರೆ. ಒಡಹುಟ್ಟಿದವರ ನಡುವಿನ ದಾನಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ, ನಿಜ. ಆದರೆ ದಾನ ಎಂದ ಮೇಲೆ ಬೆಲೆ ಎಲ್ಲಿಯದು? ಬೆಲೆ ಇಲ್ಲದ ಪತ್ರಕ್ಕೆ ನಾವು ಸಾಲ ಕೊಡಲಾರೆವು. ಒಳಗೊಳಗೆ ನಗದು ಕೊಡುವುದಂತೂ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಹಳೆಯ ಅನುಭವದಿಂದ ಕೆಲವು ಬಿಗಿ ನಿಯಮಗಳೂ ಇವೆ. ಮಾರುವವರನ್ನು ನಾನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ಹಣ ಅವರ ಖಾತೆಗೇ ಹೋಗುತ್ತದೆ. ಅವರು ನಿಮಗೆ ಜಾಮೀನು ನಿಲ್ಲುವಂತಿಲ್ಲ. ತಂದೆತಾಯಿ ವಾಸವಿರುವ ಏಕೈಕ ಮನೆಗೆ ಈ ಸಾಲ ಇಲ್ಲವೇ ಇಲ್ಲ. ಮಂಡಳಿಯಲ್ಲಿ ಇಬ್ಬರು ಇದನ್ನು ಒಪ್ಪಲಿಲ್ಲ, ನಾನು ಹಠ ಹಿಡಿದೆ.

ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು. "ಅರಿಶಿನ ಕುಂಕುಮಕ್ಕೆ ಕೊಟ್ಟಿದೀವಿ, ಅವಳ ತಕರಾರಿಲ್ಲ" ಎಂಬ ಮಾತು ನಡೆಯುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಯೇ, ಆ ಮನೆಯಲ್ಲಿ ನಿಮಗೂ ಪಾಲಿದ್ದರೆ ಇಡೀ ಮನೆ ಕೊಳ್ಳುವ ಅಗತ್ಯವಿಲ್ಲ. ಉಳಿದವರ ಪಾಲಿಗಷ್ಟೇ ಹಣ ಹೊಂದಿಸಿದರೆ ಸಾಕು; ಎಷ್ಟೋ ಜನ ತಮ್ಮ ಪಾಲಿಗೂ ಸಾಲ ಕೇಳಿಕೊಂಡು ಬರುತ್ತಾರೆ.

ಮಂಗಳವಾರ ಮಧ್ಯಾಹ್ನ 3ರ ನಂತರ ಬನ್ನಿ. ಇ-ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ), ಮೂಲ ಪತ್ರಗಳು, ಪಿಗ್ಮಿ ಪಾಸ್‌ಬುಕ್ ತನ್ನಿ. ಮಾರುವವರೂ ಜೊತೆಗೆ ಬಂದರೆ ಒಂದು ಸಲದ ಓಡಾಟ ಉಳಿಯುತ್ತದೆ. ಅರ್ಜಿಯನ್ನು ಪಿಗ್ಮಿ ಸಂಗ್ರಾಹಕರ ಕೈಯಲ್ಲಿ ಕೊಡಬೇಡಿ, ಅವರಿಗೆ ಅದನ್ನು ಪಡೆಯುವ ಅಧಿಕಾರವಿಲ್ಲ. ಟೈಲರ್ ಅವರ ಅರ್ಜಿ ಈಗಾಗಲೇ ನನ್ನ ಮೇಜಿನ ಮೇಲಿದೆ. ಅವರ ಅಣ್ಣ ಮುಂದಿನ ವಾರ ಬರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ